ಯಥಾಸ್ಥಿತಿಯ ಸಂಕ

ಊರಿನವರೆಲ್ಲ ದೈವವನ್ನು ನಂಬುತ್ತಾರೆ. ನಮ್ಮ ದೊಡ್ಡಪ್ಪ ಮಾತ್ರ ಕೋರ್ಟನ್ನು ನಂಬಿದ್ದರು! ದೈವವಾದರೂ ಕರೆದರೆ ಎದುರು ಬಂದು ನುಡಿ ಕೊಡುತ್ತದೆ. ಕೋರ್ಟು ಕೊಡುವುದು ವಾಯಿದೆ ಮಾತ್ರ. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು?

ವ್ಯಾಜ್ಯ ಒಂದು ಸಂಕದ್ದು. ವಿಟ್ಲದ ಹತ್ತಿರ ಅವರ ಮನೆಗೂ ರಸ್ತೆಗೂ ನಡುವೆ ಹಳ್ಳದಂಥ ಒಂದು ತೋಡು. ದಾಟಲು ಎರಡು ಅಡಿಕೆ ಮರ ಹಾಸಿದ ಕಾಲುಸಂಕ. ಆಚೆ ದಡ ತನ್ನದೆಂದು ದೊಡ್ಡಪ್ಪ, ಅಲ್ಲ ತನ್ನದೆಂದು ನೆರೆಯ ಅಡಿಕೆ ವ್ಯಾಪಾರಿ ಮೋನಾಕ. ತೊಂಬತ್ತರ ದಶಕದ ಆರಂಭದಲ್ಲೇ ಕೋರ್ಟು ಅಪ್ಪಣೆ ಮಾಡಿತು: ತೀರ್ಪು ಬರುವವರೆಗೆ ಯಥಾಸ್ಥಿತಿ, ಸಂಕವನ್ನು ಯಾರೂ ಮುಟ್ಟಬಾರದು.

ಗೆದ್ದಲಿಗೆ ಕೋರ್ಟಿನ ಅಪ್ಪಣೆ ತಿಳಿಯುತ್ತದೆಯೇ? ಮೂರನೆಯ ಮಳೆಗಾಲಕ್ಕೆ ಒಂದು ಮರ ಕುಂಬಾಗಿ ತೋಡಿಗೆ ಬಿತ್ತು. ಹೊಸದು ಹಾಕಿಸಿ ಎಂದರೆ ದೊಡ್ಡಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಸ್ಟೇ ಉಂಟು ಮಾರಾಯ. ಮುಟ್ಟಿದ್ರೆ ನ್ಯಾಯಾಂಗ ನಿಂದನೆ ಆಗ್ತದೆ." ಉಳಿದ ಒಂಟಿ ಮರದ ಮೇಲೆ ಅವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುವುದನ್ನು ನೋಡಲು ಎರಡು ಕಣ್ಣು ಸಾಲದು!

ಸ್ಥಳ ಪರಿಶೀಲನೆಗೆ ಕೋರ್ಟಿನ ಕಮಿಷನರ್ ಆಗಿ ಒಬ್ಬ ಎಳೆಯ ವಕೀಲರು ಬಂದರು. ಟೇಪು ಹಿಡಿದು ನಾಲ್ಕು ಹೆಜ್ಜೆ ಇಟ್ಟವರು ಐದನೆಯದಕ್ಕೆ ತೋಡಿನಲ್ಲಿದ್ದರು. ದೊಡ್ಡಪ್ಪನ ಪಂಚೆ ಉಟ್ಟು, ಮೋನಾಕನ ಮನೆಯ ಚಹಾ ಕುಡಿದು ವರದಿ ಬರೆದರು: ಸಂಕ ಯಥಾಸ್ಥಿತಿಯಲ್ಲಿದೆ! ಅದನ್ನು ಓದಬೇಕಾದ ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸಬರಿಗೆ ಕಡತ ಓದಲು ವಾಯಿದೆ, ಓದಿ ಮುಗಿಸಿದವರಿಗೆ ವರ್ಗ. ಹೀಗೆ ಹನ್ನೆರಡು ವರ್ಷ. ವಾಯಿದೆಯ ದಿನ ದೊಡ್ಡಪ್ಪ, ಮೋನಾಕ ಇಬ್ಬರೂ ಇಸ್ತ್ರಿ ಅಂಗಿ ತೊಟ್ಟು, ಮೆಲ್ಕಾರಿನಲ್ಲಿ ಬಸ್ಸು ಬದಲಿಸಿ ಹೋಗುವುದು, ಮುಂದಕ್ಕೆ ಹೋಯಿತೆಂದು ಬರುವುದು. ಆ ಕೋರ್ಟು ಕಟ್ಟಡ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕೊನೆಗೊಂದು ಮಳೆ ಬಿಡದ ಆಟಿ ತಿಂಗಳ ಮಧ್ಯಾಹ್ನ ದೊಡ್ಡಮ್ಮನಿಗೆ ಎದೆನೋವು ಬಂತು. ರಸ್ತೆಯಲ್ಲಿ ಜೀಪು ಬಂದು ನಿಂತಿತ್ತು, ತೋಡು ತುಂಬಿ ಹರಿಯುತ್ತಿತ್ತು. ಅವರನ್ನು ಕೂರಿಸಿದ ಕುರ್ಚಿಯನ್ನು ಒಂಟಿ ಮರದ ಮೇಲೆ ಹೊತ್ತು ದಾಟುವುದು ಹೇಗೆ? ದೊಡ್ಡಪ್ಪ ದಡದಲ್ಲಿ ನಿಂತು ಆ ಮರಕ್ಕೆ ಕಾಲಿಡುವುದು, ತೆಗೆಯುವುದು ಮಾಡುತ್ತಿದ್ದರು. ಮೋನಾಕ ಯಾರನ್ನೂ ಕೇಳಲಿಲ್ಲ. ಚಪ್ಪರಕ್ಕೆಂದು ಕಡಿದಿಟ್ಟಿದ್ದ ನಾಲ್ಕು ಮರಗಳನ್ನು ಮಕ್ಕಳಿಂದ ಹೊರಿಸಿ ತಂದು, ಬಿಗಿದು ಹಾಸಿ, ಕುರ್ಚಿಗೆ ತಾವೇ ಹೆಗಲು ಕೊಟ್ಟರು. ದೊಡ್ಡಮ್ಮ ಬದುಕಿದರು.

ಸುದ್ದಿ ತಿಳಿದ ದೊಡ್ಡಪ್ಪನ ವಕೀಲರಿಗೆ ಹಬ್ಬ! ಎದುರು ಪಾರ್ಟಿ ಆಜ್ಞೆ ಮುರಿದಿದೆ ಎಂದು ದೊಡ್ಡಪ್ಪನನ್ನು ಕೇಳದೆಯೇ ಅರ್ಜಿ ಹಾಕಿದರು. ಹನ್ನೆರಡು ವರ್ಷ ತೂಕಡಿಸಿದ ಕೋರ್ಟಿಗೆ ಹದಿನೈದೇ ದಿನದಲ್ಲಿ ಎಚ್ಚರವಾಯಿತು. ಸಂಕ ಮುಟ್ಟಿದವರು ಯಾರೆಂದು ನ್ಯಾಯಾಧೀಶರು ಗುಡುಗಿದರು. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ ಮರುಕ್ಷಣ ದೊಡ್ಡಪ್ಪ ಕೈಮುಗಿದು ಹೇಳಿದರು, "ನಾನು ಹಾಕಿದ್ದು ಸ್ವಾಮಿ."

ಹಿಂದಿನ ಬೆಂಚಿನಿಂದ ಮೋನಾಕ ಎದ್ದು, ಅಲ್ಲ, ಹಾಕಿದ್ದು ತಾನು ಎಂದರು. ಯಾರನ್ನು ಶಿಕ್ಷಿಸುವುದೆಂದು ತಿಳಿಯದೆ ನ್ಯಾಯಾಧೀಶರು ಏನು ಮಾಡಿದರು? ಮತ್ತೇನು, ವಾಯಿದೆ ಕೊಟ್ಟರು!

ಗೆದ್ದೇಬಿಟ್ಟಿದ್ದ ಕೇಸನ್ನು ಕೈಯಾರೆ ಹಾಳು ಮಾಡಿದಿರಲ್ಲ ಎಂದು ವಕೀಲರು ಜಗಲಿಯಲ್ಲಿ ರೇಗಿದರು. ದೊಡ್ಡಪ್ಪ ಶಾಲಿನಿಂದ ಕಣ್ಣೊರೆಸಿಕೊಂಡರು.

"ಅವಳು ಮನೆಯಲ್ಲಿ ಕೂತು ಗಂಜಿ ಉಣ್ತಾ ಇದ್ದಾಳೆ ವಕೀಲರೇ. ನನಗೆ ಇನ್ನೆಂತ ಗೆಲ್ಲಲಿಕ್ಕುಂಟು?"