ಹನ್ನೆರಡನೆಯ ಕಾಲು

ಹನ್ನೆರಡು ಜನ ಗಂಡಸರನ್ನು ಬೆಂಚಿನ ಮೇಲೆ ಕೂರಿಸುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ಸೊರಬದ ಬಸ್ ಸ್ಟ್ಯಾಂಡಿನ ಎದುರಿಗೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವನು ನಾನು. ಊರಿನ ಅರ್ಧ ಗಂಡಸರ ಸೊಂಟದ ಅಳತೆ ನನಗೆ ಬಾಯಿಪಾಠವಾಗಿತ್ತು. ಸೊಂಟ ಗೊತ್ತಿದ್ದವನಿಗೆ ಮನಸ್ಸೂ ಗೊತ್ತಿರುತ್ತದೆ ಎಂಬುದು ಆಗಿನ ನನ್ನ ತಿಳಿವಳಿಕೆ.

ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಚರ್ಚು ಮಾತ್ರ ಸಣ್ಣದಾಗಿಯೇ ಉಳಿದಿತ್ತು. ಹೆಂಚಿನ ಮಾಡು, ನಾಲ್ಕು ಕಿಟಕಿ. ಸುತ್ತಲಿನ ಕಥೋಲಿಕ ಮನೆಗಳವರೆಲ್ಲ ಬಂದರೂ ಹಿಂದಿನ ಭಾಗ ಖಾಲಿ. ನಮ್ಮ ಪಾದ್ರಿಗಳನ್ನು ನಾವು ಸ್ವಾಮಿಗಳು ಎನ್ನುತ್ತಿದ್ದೆವು. ಅವರು ಒಂದು ಭಾನುವಾರ ಶಿಕಾರಿಪುರದಲ್ಲಿ ಪೂಜೆ ಮಾಡಿದರೆ ಇನ್ನೊಂದು ಭಾನುವಾರ ನಮ್ಮಲ್ಲಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ತಡವಾದರೆ ಪೂಜೆಯೂ ತಡ. ಅಲ್ಲಿಯವರೆಗೆ ಗಂಡಸರು ಅಂಗಳದಲ್ಲಿ ಬೀಡಿ ಸೇದುತ್ತ, ಹೆಂಗಸರು ಒಳಗೆ ಜಪಮಾಲೆ ಹೇಳುತ್ತ ಕಾಯುವರು. ಹಾರನ್ ಕೇಳಿದ ಕೂಡಲೇ ಬೀಡಿಗಳು ಆರುತ್ತಿದ್ದವು, ಜಪಮಾಲೆಯ ಓಟ ಹೆಚ್ಚುತ್ತಿತ್ತು. ಪೂಜೆ ಲ್ಯಾಟಿನ್ನಿನಲ್ಲಿ. ಸ್ವಾಮಿಗಳು ಏನೋ ಹೇಳುವರು, ನಾವೂ ಏನೋ ಹೇಳುವೆವು. ದೇವರು ಹೇಗೋ ಅರ್ಥ ಮಾಡಿಕೊಳ್ಳುತ್ತಿದ್ದ.

ಆ ವರ್ಷ, ನಾವು ಪಾಸ್ಕ ಹಬ್ಬ ಎನ್ನುವ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಒಂದು ಭಾನುವಾರ ಸ್ವಾಮಿಗಳು ಪೂಜೆ ಮುಗಿಸಿ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ರೋಮಿನಿಂದ ಹೊಸ ಕಟ್ಟಳೆ ಬಂದಿದೆಯಂತೆ. ಇನ್ನು ಮೇಲೆ ಗುಡ್ ಫ್ರೈಡೆಯ ಹಿಂದಿನ ದಿನ, ಪವಿತ್ರ ಗುರುವಾರದ ಪೂಜೆ ಸಂಜೆ ಹೊತ್ತಿನಲ್ಲಿ. ಯೇಸುಸ್ವಾಮಿ ತನ್ನ ಹನ್ನೆರಡು ಜನ ಶಿಷ್ಯರ ಕಾಲು ತೊಳೆದ ಹಾಗೆ ಸ್ವಾಮಿಗಳು ಹನ್ನೆರಡು ಜನ ಗಂಡಸರ ಕಾಲು ತೊಳೆಯಬೇಕು. ಈ ಸಲ ಪವಿತ್ರ ವಾರ ಪೂರ್ತಿ ಸೊರಬದಲ್ಲೇ ಇರುತ್ತಾರೆ.

"ಆ ಹನ್ನೆರಡು ಜನರನ್ನ ಒಟ್ಟು ಮಾಡೋರು ಯಾರು?" ಎಂದರು.

ನಾನು ಎದ್ದು ನಿಂತೆ. "ಅದೇನು ಮಹಾ, ಸ್ವಾಮಿ. ನಾನಿದ್ದೀನಿ."

ಹೆಂಗಸರ ಕಡೆಯಿಂದ ನನ್ನ ಹೆಂಡತಿ ಲೂರ್ದಮ್ಮ ಸೆರಗಿನ ಮರೆಯಿಂದಲೇ ಒಮ್ಮೆ ನೋಡಿದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಮೊದಲು ಹೋದದ್ದು ಗಾರೆ ಕೆಲಸದ ರಾಯಪ್ಪನ ಮನೆಗೆ. ವಿಷಯ ಕೇಳಿ ಅವನು ಎರಡೂ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ.

"ಸ್ವಾಮಿಗಳು ನನ್ನ ಕಾಲು ಮುಟ್ಟೋದಾ? ಎಂಥ ಮಾತು ಆಡ್ತೀಯ ಚೌರಪ್ಪ. ನಾವು ಅವರ ಕಾಲಿಗೆ ಬೀಳೋರು. ಅವರ ಕೈಲಿ ಕಾಲು ತೊಳೆಸಿಕೊಂಡ್ರೆ ನನ್ನ ಮಕ್ಕಳು ಉದ್ಧಾರ ಆಗ್ತಾವಾ?"

"ಯೇಸುಸ್ವಾಮಿ ಕಾಲು ತೊಳೆಯೋಕೆ ಬಂದಾಗ ಅವರ ಶಿಷ್ಯರು, ನಿನ್ನ ಹೆಸರಿನ ಸಂತ ರಾಯಪ್ಪರೂ ಹೀಗೇ ಬೇಡ ಅಂದಿದ್ರು ಕಣಯ್ಯ. ಆಮೇಲೆ ಒಪ್ಪಿಕೊಂಡ್ರು."

"ಅವರು ಸಂತರು. ಅವರ ಕಾಲು ಚೆನ್ನಾಗೇ ಇದ್ದಿರಬೇಕು," ಎಂದ ರಾಯಪ್ಪ.

ಎಲ್ಲರ ಮನೆಯಲ್ಲೂ ಇದೇ ಹಾಡು. ಪಾಪ ಬರುತ್ತದೆ ಎಂದನೊಬ್ಬ. ಕಾಲಲ್ಲಿ ಆಣಿ ಇದೆ ಎಂದ ಇನ್ನೊಬ್ಬ. ಮೂರನೆಯವನು ಆ ಹೊತ್ತಿಗೆ ಸರಿಯಾಗಿ ತನಗೆ ಜ್ವರ ಬರಲಿದೆ ಎಂದು ಮುಂಚಿತವಾಗಿ ತಿಳಿಸಿದ. ದರ್ಜಿಗೆ ಒಂದು ಗುಣವಿದೆ. ಬಟ್ಟೆ ಸಾಲದಿದ್ದರೆ ತೇಪೆ ಹಾಕುತ್ತಾನೆ. ನಾನೂ ಹಾಕಿದೆ. ರಾಯಪ್ಪನಿಗೆ ಸ್ವಾಮಿಗಳು ಮುಟ್ಟುವುದೇ ಇಲ್ಲ, ಮೇಲಿಂದ ನೀರು ಬಿಡುತ್ತಾರೆ ಅಷ್ಟೇ ಎಂದೆ. ಇನ್ನೊಬ್ಬನಿಗೆ ಸ್ವಾಮಿಗಳೇ ಖುದ್ದಾಗಿ ನಿನ್ನ ಹೆಸರು ಹೇಳಿದ್ದಾರೆ ಎಂದೆ.

ಕಷ್ಟವಾದದ್ದು ಅಂತೋಣಪ್ಪನ ವಿಷಯ. ಗಾಡಿ ಹೊಡೆಯುವ ಅಂತೋಣಪ್ಪನಿಗೂ ರಾಯಪ್ಪನಿಗೂ ಮಾತಿರಲಿಲ್ಲ. ಅಂತೋಣಪ್ಪನ ಕೊಟ್ಟಿಗೆಗೆ ರಾಯಪ್ಪ ಕಟ್ಟಿದ ಗೋಡೆ ಮೊದಲ ಮಳೆಗೇ ಮಲಗಿತ್ತು. ಗೋಡೆ ಸರಿಯಿತ್ತು, ಎತ್ತು ಸರಿಯಿರಲಿಲ್ಲ, ಮೈ ಉಜ್ಜಿ ಬೀಳಿಸಿತು ಎಂದು ರಾಯಪ್ಪನ ವಾದ. ನನ್ನನ್ನು ಬೇಕಾದರೆ ಅನ್ನು, ನನ್ನ ಎತ್ತಿಗೆ ಅನ್ನಬೇಡ ಎಂದು ಅಂತೋಣಪ್ಪ. ಅಂದಿನಿಂದ ಒಬ್ಬ ಬಲಗಡೆ ಬಾಗಿಲಿನಿಂದ ಚರ್ಚಿಗೆ ಬಂದರೆ ಇನ್ನೊಬ್ಬ ಎಡಗಡೆಯಿಂದ.

"ಆ ರಾಯಪ್ಪ ಬರ್ತಾನಾ?" ಎಂದು ಕೇಳಿದ ಅಂತೋಣಪ್ಪ.

"ಇಲ್ಲ," ಎಂದೆ.

ಸಂಜೆ ರಾಯಪ್ಪ ಕೇಳಿದ, "ಅಂತೋಣಪ್ಪ ಬರ್ತಾನಾ?"

"ಎಲ್ಲಿ ಬರ್ತಾನೆ," ಎಂದೆ. ಆ ಮಾತಿಗೆ ಇಬ್ಬರೂ ಒಪ್ಪಿದರು. ಗುರುವಾರ ಏನಾಗುತ್ತದೆ ಎಂಬುದನ್ನು ಗುರುವಾರಕ್ಕೇ ಬಿಟ್ಟೆ.

ಇಷ್ಟಾದರೂ ಕೊನೆಗೆ ಸಿಕ್ಕಿದವರು ಹನ್ನೊಂದೇ ಮಂದಿ. ಉಸ್ತುವಾರಿ ನೋಡುವವನು ನಾನು, ನನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಲೂರ್ದಮ್ಮ ರಾಗಿ ಬೀಸುತ್ತ ಹೇಳಿದಳು, "ನೀವೇ ಕೂತ್ಕೊಳ್ರಿ. ಅದೇನು ಮಹಾ."

ಆಗ ನಾನು ಮೊದಲ ಸಲ ನನ್ನ ಕಾಲನ್ನು ಸರಿಯಾಗಿ ನೋಡಿದೆ. ಹಗಲೆಲ್ಲ ಬರಿಗಾಲಲ್ಲಿ ಮಷಿನ್ ತುಳಿದು ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿದ್ದವು. ಹೆಚ್ಚು ತುಳಿಯುವ ಬಲಗಾಲಂತೂ ನೋಡುವ ಹಾಗೇ ಇರಲಿಲ್ಲ. ಇದನ್ನು ಸ್ವಾಮಿಗಳ ಕೈಗೆ ಕೊಡುವುದು ಹೇಗೆ?

ನನ್ನ ಅಂಗಡಿಯ ಪಕ್ಕದಲ್ಲಿ ಬೆಲ್ಲ, ತೆಂಗಿನಕಾಯಿ ಮಾರುತ್ತಿದ್ದ ಬಸವಣ್ಯಪ್ಪನವರು ಇದ್ದರು. ಕುಬಟೂರಿನವರು, ಲಿಂಗವಂತರು, ಒಳ್ಳೆಯ ಸ್ನೇಹಿತರು. ಅವರ ಹತ್ತಿರ ವಿಷಯ ಹೇಳಿದೆ. ಅವರು ತಕ್ಕಡಿ ಕೆಳಗಿಟ್ಟರು.

"ಗುರುಗಳು ನಿಮ್ಮ ಕಾಲು ತೊಳೀತಾರ? ನಮ್ಮಲ್ಲಿ ಗುರುಗಳ ಪಾದ ನಾವು ತೊಳೆದು ಆ ನೀರು ತಗೊಂತೀವಿ. ನಿಮ್ಮದು ಪೂರಾ ಉಲ್ಟಾ ಐತಲ್ರೀ."

"ಅದಕ್ಕೇ ಹೆದರಿಕೆ ನೋಡ್ರಿ. ಈ ಬಿರುಕಿಗೆ ಏನಾದ್ರೂ ಇದ್ರೆ ಹೇಳ್ರಿ."

ಅವರು ಒಳಗೆ ಹೋಗಿ ಒಂದು ಪುಟ್ಟ ಸೀಸೆ ತಂದರು. ಕರಿಗೇರಿನ ಎಣ್ಣೆ. "ಕಡ್ಡಿ ತುದೀಲಿ ಅದ್ದಿ ಬಿರುಕಿನೊಳಗೆ ಮಾತ್ರ ಬಿಡ್ರಿ. ಒಂದೇ ಹನಿ. ಚರ್ಮಕ್ಕೆ ತಾಗಿಸಬ್ಯಾಡ್ರಿ."

ಅವರು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಹೊಲಿಗೆಯವನ ಬುದ್ಧಿ ಬೇರೆ. ಬಟ್ಟೆ ಕತ್ತರಿಸುವಾಗ ಅಂಚಿಗೆ ಸ್ವಲ್ಪ ಹೆಚ್ಚಿಗೆ ಬಿಟ್ಟರೆ ಯಾವತ್ತೂ ನಷ್ಟವಿಲ್ಲ. ಒಂದು ಹನಿಯಿಂದ ಗುಣವಾಗುವುದು ಒಂದು ಸೀಸೆಯಿಂದ ಇನ್ನೆಷ್ಟು ಗುಣವಾಗಬಾರದು? ಬುಧವಾರ ಸಂಜೆ ಜಗಲಿಯ ಮೇಲೆ ಕೂತು ಬಲಗಾಲಿಗೆ ಹಿಮ್ಮಡಿಯಿಂದ ಬೆರಳಿನ ತನಕ ಧಾರಾಳವಾಗಿ ಬಳಿದೆ. ಎಡಗಾಲಿಗೆ ಶುರು ಮಾಡುವಷ್ಟರಲ್ಲಿ ಲೂರ್ದಮ್ಮ ಹೊರಗೆ ಬಂದಳು. ಸೀಸೆ ಕಿತ್ತುಕೊಂಡು ಮೂಸಿ ನೋಡಿದಳು.

"ರೀ, ಅಗಸರು ಬಟ್ಟೆಗೆ ಗುರುತು ಹಾಕೋದು ಯಾವುದರಲ್ಲಿ?"

"ಕರಿಗೇರುಕಾಯಿ ರಸದಲ್ಲಿ."

"ಅದು ಒಗೆದ್ರೆ ಹೋಗುತ್ತಾ?"

ಇಪ್ಪತ್ತು ವರ್ಷದಿಂದ ಬಟ್ಟೆಯ ಕಸುಬು ಮಾಡಿದವನು ನಾನು. ಬಟ್ಟೆ ಹರಿದು ಚಿಂದಿಯಾದರೂ ಅಗಸನ ಗುರುತು ಹೋಗುವುದಿಲ್ಲ.

ಗುರುವಾರ ಬೆಳಗಾಗುವ ಹೊತ್ತಿಗೆ ನನ್ನ ಬಲಗಾಲು ಪಾದದ ಗಂಟಿನವರೆಗೆ ದೋಸೆ ಹಂಚಿನ ಬಣ್ಣಕ್ಕೆ ತಿರುಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಸೀಗೆಪುಡಿ, ಬೂದಿ, ಸೀಮೆಎಣ್ಣೆ, ಕೊನೆಗೆ ಇಟ್ಟಿಗೆ ಚೂರು. ಒಂದೊಂದು ಸಲ ತೊಳೆದಾಗಲೂ ಕಪ್ಪು ಇನ್ನಷ್ಟು ಹೊಳಪಾಯಿತು. ಮಧ್ಯಾಹ್ನದ ಹೊತ್ತಿಗೆ ಹೊಳಪಿನ ಜೊತೆಗೆ ತುರಿಕೆಯೂ ಹತ್ತಿಕೊಂಡಿತು. ಅದು ಸಾಮಾನ್ಯ ತುರಿಕೆಯಲ್ಲ. ಊಟ, ಮಾತು, ಮರ್ಯಾದೆ ಎಲ್ಲವನ್ನೂ ಮರೆಸುವ ತುರಿಕೆ.

"ಬರೋಕಾಗಲ್ಲ ಅಂತ ಹೇಳಿಬಿಡ್ಲಾ?" ಎಂದೆ.

"ಹನ್ನೊಂದು ಜನರನ್ನ ಕೂರಿಸಿ ಸ್ವಾಮಿಗಳ ಮರ್ಯಾದೆ ತೆಗೀತೀರಾ? ಪಾಪ, ಆ ವಯಸ್ಸಿನಲ್ಲಿ ಎಷ್ಟು ಆಸೆಯಿಂದ ಬಂದಿದ್ದಾರೆ. ನಡೀರಿ," ಎಂದಳು ಲೂರ್ದಮ್ಮ. ಎಡಗಾಲನ್ನು ಮಾತ್ರ ತಾನೇ ಕೂತು ತಿಕ್ಕಿ ಬೆಳ್ಳಗೆ ಮಾಡಿಕೊಟ್ಟಳು. ಅಷ್ಟಕ್ಕೇ ನನಗೆ ಧೈರ್ಯ ಬಂತು. ತೊಳೆಯುವಾಗ ಎಡಗಾಲು ಮುಂದಿಟ್ಟರಾಯಿತು.

ಸಂಜೆ ಚರ್ಚು ಎಂದೂ ಇಲ್ಲದಂತೆ ತುಂಬಿತ್ತು. ಶಿಕಾರಿಪುರದವರೂ ಬಸ್ಸಿಗೆ ಬಂದಿದ್ದರು. ಪೆಟ್ರೋಮ್ಯಾಕ್ಸ್ ದೀಪ ಭುಸುಗುಡುತ್ತಿತ್ತು. ನನ್ನ ಗಂಡಸರೆಲ್ಲ ಬಿಳಿ ಪಂಚೆ ಉಟ್ಟು ಬಂದಿದ್ದರು. ಒಬ್ಬೊಬ್ಬರೂ ಮನೆಯಲ್ಲೇ ಕಾಲನ್ನು ತೆಂಗಿನನಾರು ಹಾಕಿ ತೊಳೆದುಕೊಂಡಿದ್ದರು. ರಾಯಪ್ಪನನ್ನು ಬೆಂಚಿನ ಮೊದಲಿಗೆ, ಅಂತೋಣಪ್ಪನನ್ನು ಹನ್ನೊಂದನೆಯವನಾಗಿ ಆ ತುದಿಗೆ ಕೂರಿಸಿ, ಕೊನೆಯಲ್ಲಿ ನಾನು ಕೂತೆ. ಅಂತೋಣಪ್ಪ ಬಗ್ಗಿ ಬೆಂಚಿನುದ್ದಕ್ಕೂ ನೋಡಿದ. ರಾಯಪ್ಪನೂ ಬಗ್ಗಿ ನೋಡಿದ.

"ಬರಲ್ಲ ಅಂದಿದ್ದೆಯಲ್ಲಯ್ಯ," ಎಂದು ಅಂತೋಣಪ್ಪ ಎದ್ದು ನಿಂತ.

ಅವನ ಅಂಗಿ ಹಿಡಿದು ಕಿವಿಯಲ್ಲಿ ಹೇಳಿದೆ, "ಹನ್ನೆರಡು ಜನರಲ್ಲಿ ಮಧ್ಯದಲ್ಲಿ ಎದ್ದುಹೋದವನು ಒಬ್ಬನೇ. ಯೇಸುಸ್ವಾಮಿಯನ್ನ ಹಿಡಿದುಕೊಟ್ಟ ಯೂದಾಸ. ನಾಳೆಯಿಂದ ಊರಿನವರು ನಿನ್ನನ್ನ ಏನಂತ ಕರೀತಾರೆ ಯೋಚನೆ ಮಾಡು."

ಅಂತೋಣಪ್ಪ ಕೂತ. ಆ ಕಡೆ ಅರ್ಧ ಎದ್ದಿದ್ದ ರಾಯಪ್ಪನಿಗೂ ಅದೇ ಯೋಚನೆ ಬಂದಿರಬೇಕು, ಅವನೂ ಕೂತ. ನನ್ನ ಜೀವನದಲ್ಲಿ ನಾನು ಕೊಟ್ಟ ಒಂದೇ ಒಂದು ಒಳ್ಳೆಯ ಉಪದೇಶ ಅದು.

ಸ್ವಾಮಿಗಳು ಸೊಂಟಕ್ಕೆ ಬಿಳಿ ವಸ್ತ್ರ ಕಟ್ಟಿಕೊಂಡು ಬಂದು ರಾಯಪ್ಪನ ಮುಂದೆ ಮಂಡಿಯೂರಿದರು. ಹಿಂದೆ ನೀರಿನ ಹೂಜಿ ಹಿಡಿದ ಇನ್ನಾಸಪ್ಪ, ಸ್ವಾಮಿಗಳಿಲ್ಲದಾಗ ಚರ್ಚು ನೋಡಿಕೊಳ್ಳುವ ನಮ್ಮ ಉಪದೇಶಿ. ರಾಯಪ್ಪ ಕಣ್ಣು ಮುಚ್ಚಿಕೊಂಡು ಎರಡು ಕಾಲನ್ನೂ ಚಾಚಿದ. ಸ್ವಾಮಿಗಳು ಬಲಗಾಲನ್ನು ಮಾತ್ರ ಹಿಡಿದು ತೊಳೆದು, ಒರೆಸಿ, ಮುಂದಿನವನತ್ತ ಸರಿದರು. ಅವನದೂ ಬಲಗಾಲು. ಮೂರನೆಯವನದೂ ಬಲಗಾಲು. ಕಟ್ಟಳೆಯೇ ಹಾಗಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಲಗಾಲು, ಬಲಗಾಲು ಎಂದು ಅವರು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿದ್ದರೆ ನಾನು ನನ್ನ ಬಲಗಾಲನ್ನು ಪಂಚೆಯೊಳಗೆ ಎಳೆದುಕೊಂಡೆ. ನನ್ನ ಸರದಿ ಬಂತು. ಗಂಭೀರವಾಗಿ ಎಡಗಾಲನ್ನು ಮುಂದಿಟ್ಟೆ.

"ಬಲ," ಎಂದು ಇನ್ನಾಸಪ್ಪ ಹಲ್ಲಿನ ನಡುವಿನಿಂದ ಹೇಳಿದ. "ಚೌರಪ್ಪ, ಬಲಗಾಲು."

ಪಂಚೆಯೊಳಗಿಂದ ಅದನ್ನು ಹೊರಗೆ ತೆಗೆದೆ. ದೀಪದ ಬೆಳಕಿಗೆ ಅದು ಮಿಂಚಿತು. ಸ್ವಾಮಿಗಳಿಗೆ ದೃಷ್ಟಿ ಮಂದ, ಮೇಲಾಗಿ ಕನ್ನಡಕಕ್ಕೆ ಬೆವರು. ಪಾಪ, ದುಡಿಯುವವನ ಕಾಲು, ಕೊಳೆ ಕೂತಿದೆ ಎಂದುಕೊಂಡರು. ನೀರು ಬಿಟ್ಟು ಉಜ್ಜಿದರು. ಹೋಗಲಿಲ್ಲ. ತೋಳು ಮೇಲೇರಿಸಿ ಇನ್ನೂ ಗಟ್ಟಿಯಾಗಿ ಉಜ್ಜಿದರು. ಇನ್ನಾಸಪ್ಪ ಹೂಜಿ ಪೂರ್ತಿ ಸುರಿದ.

"ಅದು ಕೊಳೆ ಅಲ್ಲ ಸ್ವಾಮಿ, ಔಷಧಿ," ಎಂದು ಪಿಸುಗುಟ್ಟಿದೆ.

"ಇರಲಿ ಮಗ," ಎಂದು ಅವರು ಏದುಸಿರು ಬಿಡುತ್ತ ಉಜ್ಜುತ್ತಲೇ ಇದ್ದರು.

ಆ ಮುದುಕರು ನನ್ನ ಕಾಲಿಗಾಗಿ ಅಷ್ಟು ಕಷ್ಟಪಡುವುದನ್ನು ಕಂಡು ಕಣ್ಣಲ್ಲಿ ನೀರು ಬಂತು. ಇದು ಸತ್ಯ. ಆದರೆ ಅದೇ ಹೊತ್ತಿಗೆ ಇನ್ನೊಂದೂ ಆಯಿತು. ಮಧ್ಯಾಹ್ನದಿಂದ ನನ್ನನ್ನು ಕೊಲ್ಲುತ್ತಿದ್ದ ತುರಿಕೆಯ ಮೇಲೇ ಅವರ ಕೈ ಓಡಾಡತೊಡಗಿತು. ಆಹಾ, ಆ ಸುಖವನ್ನು ಹೇಗೆ ವರ್ಣಿಸಲಿ? ಕಣ್ಣು ತಾನಾಗಿಯೇ ಮುಚ್ಚಿತು. ನಾನು ಚರ್ಚಿನಲ್ಲಿದ್ದೇನೆ ಎಂಬುದು ಮರೆಯಿತು. ಸೂಜಿ ಬಿದ್ದರೂ ಕೇಳುವ ಆ ಮೌನದಲ್ಲಿ ನನ್ನ ಬಾಯಿಂದ ಮಾತು ಹೊರಬಿತ್ತು.

"ಇನ್ನೂ ಸ್ವಲ್ಪ ಮೇಲೆ, ಸ್ವಾಮಿ."

ಮೊದಲು ನಕ್ಕವನು ಅಂತೋಣಪ್ಪ. ಬಾಯಿಗೆ ಟವಲ್ಲು ತುರುಕಿಕೊಂಡರೂ ತಡೆಯಲಾಗದೆ ಬೆಂಚು ಅಲ್ಲಾಡುವಂತೆ ನಕ್ಕ. ಆ ಅಲುಗಾಟ ಇನ್ನೊಂದು ತುದಿಯ ರಾಯಪ್ಪನನ್ನು ಮುಟ್ಟಿತು. ಅವನು ಬಗ್ಗಿ ನನ್ನ ಕಾಲು ನೋಡಿದ, ಅಂತೋಣಪ್ಪನ ಮುಖ ನೋಡಿದ. ವರ್ಷಗಟ್ಟಲೆ ಮುಖ ನೋಡದ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನಕ್ಕರು. ಆಮೇಲೆ ಗಂಡಸರು, ಹೆಂಗಸರು, ಶಿಕಾರಿಪುರದವರು. ಲೂರ್ದಮ್ಮ ಮಾತ್ರ ನಗಲಿಲ್ಲ. ಸೆರಗನ್ನು ಮೂಗಿನ ತನಕ ಎಳೆದುಕೊಂಡು ತಾನು ಯಾರ ಹೆಂಡತಿಯೂ ಅಲ್ಲ ಎಂಬಂತೆ ಕೂತಿದ್ದಳು.

ಸ್ವಾಮಿಗಳು ಸಾವಧಾನವಾಗಿ ನನ್ನ ಕಾಲು ಒರೆಸಿ ಎದ್ದರು. ಪೂಜೆ ಮುಗಿದ ಮೇಲೆ ಕ್ಷಮೆ ಕೇಳಲು ಒಳಗೆ ಹೋದೆ. "ಸ್ತೋತ್ರ ಸ್ವಾಮಿ," ಎಂದು ತಲೆತಗ್ಗಿಸಿ ನಿಂತೆ.

"ಸೇವೆ ಮಾಡಿ ಅಂತ ಯೇಸುಸ್ವಾಮಿ ಹೇಳಿದ್ದಾರೆ ಚೌರಪ್ಪ," ಎಂದರು ಅವರು, ಕನ್ನಡಕ ಒರೆಸಿಕೊಳ್ಳುತ್ತ. "ಎಲ್ಲಿ ಮಾಡಬೇಕು ಅಂತ ಹೇಳಿಸಿಕೊಂಡು ಮಾಡಿದ್ದು ಇದೇ ಮೊದಲು." ಅವರ ಭುಜ ಅಲುಗುತ್ತಿತ್ತು. ಅವರೂ ನಗುತ್ತಿದ್ದರು.

ಪಾಸ್ಕ ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದರೆ ರಾಯಪ್ಪ, ಅಂತೋಣಪ್ಪ ಇಬ್ಬರೂ ಜಗಲಿಯ ಮೇಲೆ ಕೂತು ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಗೋಡೆ ಮತ್ತೆ ಕಟ್ಟುವ ಮಾತುಕತೆ ನಡೆದಿತ್ತು. ನನ್ನ ಎದೆ ಉಬ್ಬಿತು. ಏನೇ ಅವಮಾನವಾಗಿರಲಿ, ಈ ಪುಣ್ಯದ ಕೆಲಸ ಆದದ್ದು ನನ್ನಿಂದ. ಹತ್ತಿರ ಹೋಗಿ ಹೇಳಿಯೂ ಬಿಟ್ಟೆ, "ನೋಡಿದ್ರಾ, ನಿಮ್ಮಿಬ್ಬರನ್ನ ಒಂದು ಮಾಡೋಕೆ ನಾನೇ ಬರಬೇಕಾಯ್ತು."

ಅಂತೋಣಪ್ಪ ಹೊಗೆ ಬಿಟ್ಟು ತಲೆಯಾಡಿಸಿದ. "ನಿಜ ಚೌರಪ್ಪ. ಎಲ್ಲ ನಿನ್ನ ಕಾಲ್ಗುಣ."

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಬಲಗಾಲಿನತ್ತ ನೋಡಿದರು. ನಾನು ಮೆಲ್ಲಗೆ ಮೇಲೆತ್ತಿ ಕಟ್ಟಿದ್ದ ಪಂಚೆಯನ್ನು ಪಾದ ಮುಚ್ಚುವಂತೆ ಇಳಿಬಿಟ್ಟು, ಎಡಗಾಲು ಮುಂದಿಟ್ಟುಕೊಂಡು ಮನೆಗೆ ನಡೆದೆ.