ದೆವ್ವ ಮಲಗಿದ ಮಂಚ

ಎಲ್ಲಕ್ಕೂ ಮೂಲ ಒಂದು ಸುಕ್ಕು. ಫರ್ನಿಚರ್ ಅಂಗಡಿಯ ಮೂಲೆಯಲ್ಲಿ ಗಿರಾಕಿಗಳು ನೋಡಲೆಂದು ಹಾಸಿಟ್ಟಿದ್ದ ದೊಡ್ಡ ತೇಗದ ಮಂಚ. ಬೆಳಿಗ್ಗೆ ಬಾಗಿಲು ತೆರೆದಾಗ ಅದರ ಮೇಲುಹಾಸು ಸುಕ್ಕುಗಟ್ಟಿರುತ್ತಿತ್ತು, ದಿಂಬಿನ ನಡುವೆ ತಗ್ಗು ಬಿದ್ದಿರುತ್ತಿತ್ತು. ಕಸ ಗುಡಿಸುವವಳು ಕೊಡವಿ ಸರಿಮಾಡಿ ಮರೆತುಬಿಡುತ್ತಿದ್ದಳು. ಮರೆಯದವನು ಮಂಚ ಮಾರುವ ಸೇಲ್ಸ್‌ಮನ್ ಒಬ್ಬನೇ. ಅವನು ಆ ತಗ್ಗಿಗೆ ಥರ್ಮಾಮೀಟರ್ ಇಟ್ಟು ನೋಡಿದ.

ಅಂಗಡಿಯವರು ಅವನಿಗಿಟ್ಟ ಹೆಸರು ಭೂತಗನ್ನಡಿ. ದೆವ್ವಗಳ ತನಿಖೆ ಮಾಡುವುದು ಅವನ ಹವ್ಯಾಸ, ಮಾಡಿದ್ದನ್ನು ಊರಿಗೆಲ್ಲ ಹೇಳುವುದು ಅವನ ಚಟ. ಹವ್ಯಾಸದಿಂದ ಯಾರಿಗೂ ತೊಂದರೆಯಿರಲಿಲ್ಲ. ಚಟದಿಂದ ಮಾತ್ರ ಎರಡು ಕೆಲಸ ಹೋಗಿದ್ದವು. ಲಾಡ್ಜಿನ ಲಿಫ್ಟಿನಲ್ಲಿ ಆತ್ಮವಿದೆಯೆಂದು ಅತಿಥಿಗಳಿಗೇ ಹೇಳಿದರೆ ಯಾರು ತಾನೇ ಇಟ್ಟುಕೊಂಡಾರು?

"ಇದನ್ನೂ ಕಳ್ಕೊಂಡ್ರೆ ನಾನು ತೌರಿಗೆ ಹೊರಟೆ" ಎಂದು ಹೆಂಡತಿ ಬೆಳಿಗ್ಗೆಯಷ್ಟೇ ಎಚ್ಚರಿಸಿದ್ದಳು. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯೋ ಬುದ್ಧಿ ನಿಮ್ದು. ಒಂದಿನ ಆ ದೆವ್ವಾನ ಕೈಹಿಡಿದು ಕರ್ಕೊಂಡು ಬರ್ತೀರ, ನೋಡ್ತಿರಿ."

ಅವಳಿಗೆ ಹೂಂಗುಟ್ಟಿ ಬಂದವನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ಸಂಜೆ ತನ್ನ ಹಳೇ ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಮಂಚದ ಕೆಳಗೆ ಅಂಟಿಸಿ ಹೋಗಿದ್ದ. ಬೆಳಿಗ್ಗೆ ಅದನ್ನು ಕಿವಿಗಿಟ್ಟು ಕೇಳಿದಾಗ ಮೈಯ ರೋಮವೆಲ್ಲ ನೆಟ್ಟಗಾಯಿತು. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು ಅದೇ ಮಂಚ ಬೇಕೆಂದಿತು.

"ಹೇಳ್ಬಾರ್ದು, ಆದ್ರೂ ಹೇಳ್ತೀನಿ" ಎಂದ ಭೂತಗನ್ನಡಿ. "ಇದರಲ್ಲಿ ಈಗಾಗ್ಲೇ ಒಬ್ರು ಮಲಗ್ತಾರೆ."

ಹುಡುಗಿ ಚಪ್ಪಲಿ ಜಾರಿದ್ದೂ ಗೊತ್ತಾಗದಂತೆ ಓಡಿದಳು. ಕ್ಯಾಷಿಯರ್ ಅದನ್ನು ನೋಡಿದ. ದೆವ್ವದ ಹೆಸರೆತ್ತಿದರೆ ಉರಿದು ಬೀಳುವ ಆಸಾಮಿ ಅವನು. ನೇರ ಹೋಗಿ ಯಜಮಾನಮ್ಮನಿಗೆ ಊದಿದ. ಯಜಮಾನರು ಮರ ಕೊಳ್ಳಲು ಪರವೂರಿಗೆ ಹೋಗಿದ್ದರು. ಅವರು ಹಾಗೆ ಹೋದಾಗಲೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕ ಯಜಮಾನಮ್ಮ ಕೂರುತ್ತಿದ್ದರು. ಆ ದಿನಗಳಲ್ಲಿ ನೊಣ ಕೂಡ ಅಂಗಡಿಯೊಳಗೆ ಕೇಳಿಕೊಂಡು ಬರುತ್ತಿತ್ತು.

ಊಟದ ಹೊತ್ತಿಗೆ ಶಟರ್ ಅರ್ಧ ಎಳೆದು ವಿಚಾರಣೆ ಶುರುವಾಯಿತು. ಯಜಮಾನಮ್ಮ ಸೋಫಾದಲ್ಲಿ, ಕ್ಯಾಷಿಯರ್ ತೂಗುಕುರ್ಚಿಯಲ್ಲಿ, ಮರಕ್ಕೆ ಪಾಲಿಶ್ ಹೊಡೆಯುವ ತಾತ ಮಕ್ಕಳ ಸ್ಟೂಲಿನಲ್ಲಿ ಕೂತರು. ಅಂಗಡಿ ತುಂಬ ಕುರ್ಚಿಗಳಿದ್ದರೂ ಭೂತಗನ್ನಡಿಗೆ ಮಾತ್ರ ಕೂರು ಎನ್ನುವವರಿರಲಿಲ್ಲ.

"ನಂಗೆ ದೆವ್ವದಲ್ಲಿ ನಂಬಿಕೆ ಇಲ್ಲ, ಗಿರಾಕೀಲಿ ಇದೆ" ಎಂದರು ಯಜಮಾನಮ್ಮ. "ಅವರನ್ನ ನೀನು ಓಡ್ಸಿದೀಯ. ಊಟದ ಹೊತ್ತು ಮುಗಿಯೋದ್ರೊಳಗೆ ಆ ದೆವ್ವಾನ ತೋರ್ಸು. ಇಲ್ಲಾಂದ್ರೆ ಚೀಲ ತಗೊಂಡು ಹೊರಡು."

ಭೂತಗನ್ನಡಿಯ ಕಣ್ಣ ಮುಂದೆ ಹೆಂಡತಿಯ ಸೂಟ್‌ಕೇಸು ಸುಳಿಯಿತು. "ಅಮ್ಮಾ, ಮುಂಬಾಗಿಲಿಗೆ ದಾರ ಕಟ್ಟಿ ಹೋಗಿದ್ದೆ. ಬೆಳಿಗ್ಗೆ ದಾರ ಹಾಗೇ ಇತ್ತು, ದಿಂಬು ತಗ್ಗಾಗಿತ್ತು. ನೆಲಕ್ಕೆ ಪೌಡರ್ ಉದುರ್ಸಿದ್ದೆ..."

"ಹೆಜ್ಜೆ ಮೂಡಿತ್ತಾ?" ಎಂದ ಕ್ಯಾಷಿಯರ್.

"ನಾನು ದಾರ ಬಿಚ್ಚಿ ಸುತ್ತೋದ್ರೊಳಗೆ ಕಸದವಳು ಗುಡಿಸಿಬಿಟ್ಟಿದ್ಲು."

"ಹೋದ ಸಲ ಬೀರುವಿನಲ್ಲಿ ಆತ್ಮ ಅಂದೆ, ಇಲಿ ಬಂತು. ಇದ್ಯಾವ ಪ್ರಾಣಿನಪ್ಪ?"

ಭೂತಗನ್ನಡಿ ಫೋನ್ ಒತ್ತಿದ. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಮಂಚ ಕಿರ್ರೆಂದಿತು. ಆಮೇಲೆ ಬಂತು: "ಗುರ್ರ್ರ್... ಪುಸ್ಸ್... ಗುರ್ರ್ರ್..."

"ಗೊರಕೆ ಹೊಡೆಯೋ ದೆವ್ವ!" ಕ್ಯಾಷಿಯರ್ ತೊಡೆ ತಟ್ಟಿಕೊಂಡು ನಕ್ಕ. "ಸತ್ತ ಮೇಲೂ ಮೂಗು ಕಟ್ಟುತ್ತಾ? ಅಮ್ಮಾ, ಇದು ಇವನದೇ ಗೊರಕೆ. ಮಲಗ್ಸಿ, ಹೊಡೆಸಿ ನೋಡೋಣ."

ಹೀಗೆ ಹಾಡುಹಗಲಲ್ಲಿ, ಕೆಲಸ ಕತ್ತಿಯ ಅಲುಗಿನ ಮೇಲಿರುವಾಗ, ನಿದ್ದೆ ಮಾಡಿ ತೋರಿಸಬೇಕಾಯಿತು. ಭೂತಗನ್ನಡಿ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ. ಪಾಲಿಶ್ ತಾತ ಕರುಣೆಯಿಂದ ಜೋಜೋ ಎಂದ. ಶಟರಿನ ಕೆಳಗಿಂದ ದಾರಿಹೋಕರು ಬಗ್ಗಿ ನೋಡಿದರು. ಅವನಿಗೆ ನಿದ್ದೆ ಬರಲಿಲ್ಲ, ಅಳು ಬಂತು.

ಅತ್ತ ಕ್ಯಾಷಿಯರ್ ಕಸಿದುಕೊಂಡಿದ್ದ ಫೋನು ಗೊರಕೆ ನಿಲ್ಲಿಸಿ ಮಾತಾಡಿತು. ತೂಕಡಿಸುವ, ದೈನ್ಯದ ದನಿ: "ಆಯ್ತು ಕಣೇ... ನಾಳೆ ತರ್ತೀನಿ... ತಿವೀಬೇಡ..."

ತೂಗುಕುರ್ಚಿ ಗಕ್ಕನೆ ನಿಂತಿತು. ಕ್ಯಾಷಿಯರ್ ಫೋನನ್ನು ಕೆಂಡ ಹಿಡಿದವನಂತೆ ಸೋಫಾಕ್ಕೆ ಎಸೆದ. "ನಾನು ನಂಬ್ತಿರ್ಲಿಲ್ಲ ಅಂತ ಅದಕ್ಕೆ ಹೇಳ್ಬೇಡ ಮಾರಾಯ" ಎಂದು ಪಿಸುಗುಟ್ಟಿದ.

ಯಜಮಾನಮ್ಮನ ಮುಖ ಮಾತ್ರ ಬಿಳಿಚಲಿಲ್ಲ, ನಿಧಾನವಾಗಿ ಕೆಂಪಾಯಿತು. "ಇನ್ನೊಂದ್ಸಲ ಹಾಕು" ಎಂದರು. ಮತ್ತೆ ಕೇಳಿದರು. ಮತ್ತೊಮ್ಮೆ ಕೇಳಿದರು. ಭಯಕ್ಕೆ ಹೀಗೂ ಬಣ್ಣ ಬರುತ್ತದೆಂದುಕೊಂಡ ಭೂತಗನ್ನಡಿ. ಇಷ್ಟು ವರ್ಷ ನಕ್ಕವರ ನಡುವೆ ಮೊದಲ ಸಲ ಗೆದ್ದಿದ್ದ. ಎದೆ ತುಂಬಿ ಬಂತು.

ಆಗಲೇ ಶಟರಿನಡಿ ನುಸುಳಿ, ಸೂಟ್‌ಕೇಸು ಹಿಡಿದು ಯಜಮಾನರು ಬಂದರು. "ಅಬ್ಬಬ್ಬಾ, ಏನು ಪ್ರಯಾಣ! ಕಣ್ಣಿಗೆ ಕಣ್ಣು ಹತ್ತಿಲ್ಲ. ಏನಿದು ಸಭೆ?"

"ಬನ್ನಿ" ಎಂದರು ಯಜಮಾನಮ್ಮ, ಬೆಣ್ಣೆಯಂಥ ದನಿಯಲ್ಲಿ. "ಇವನು ದೆವ್ವ ಹಿಡಿದಿದಾನೆ. ಕೇಳಿ."

ಗುರ್ರ್ರ್... ಪುಸ್ಸ್... ಆಯ್ತು ಕಣೇ...

ಯಜಮಾನರ ಮುಖ ಸುಣ್ಣವಾಯಿತು. ಭೂತಗನ್ನಡಿಯ ಕತೆಗಳಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಕೂಗಿದರು: "ದೆವ್ವ! ಖಂಡಿತ ದೆವ್ವ! ನಂಗೆ ಮೊದಲಿಂದ್ಲೂ ಅನುಮಾನ ಇತ್ತು!"

ಭೂತಗನ್ನಡಿ ಅವರನ್ನೇ ನೋಡಿದ. ದಾರ ಕಟ್ಟಿದ್ದು ಮುಂಬಾಗಿಲಿಗೆ. ಹಿಂಬಾಗಿಲ ಬೀಗದಕೈ ಯಜಮಾನರ ಬೆರಳಲ್ಲಿ ತೂಗಾಡುತ್ತಿತ್ತು. ಮರದ ವ್ಯಾಪಾರಕ್ಕೆಂದು ಹೊರಟವರು ಇಷ್ಟು ದಿನ ಮರದ ಮಂಚದವರೆಗೆ ಮಾತ್ರ ಬರುತ್ತಿದ್ದರು.

"ತನಿಖೆ ಮಾಡ್ದೋನು ನೀನು" ಯಜಮಾನಮ್ಮ ಅವನ ಕಡೆ ತಿರುಗಿದರು. "ನೀನೇ ಹೇಳು. ಇದು ದೆವ್ವಾನಾ, ಮನುಷ್ಯನಾ?"

ಮನುಷ್ಯ ಎಂದರೆ ಯಜಮಾನರು ಕೆಲಸದಿಂದ ಕಿತ್ತುಹಾಕುತ್ತಾರೆ. ದೆವ್ವ ಎಂದರೆ, ಜೀವನವಿಡೀ ನಂಬಿ ಹೇಳಿದ ಮಾತನ್ನು ಮೊದಲ ಸಲ ಸುಳ್ಳೆಂದು ತಿಳಿದೂ ಹೇಳಬೇಕು. ಯಜಮಾನರು ಹೆಂಡತಿಯ ಬೆನ್ನ ಹಿಂದೆ ಕೈಮುಗಿದು ನಿಂತಿದ್ದರು.

"ದೆವ್ವಾನೇ ಅಮ್ಮಾ" ಎಂದ, ಬೆವರೊರೆಸಿಕೊಳ್ಳುತ್ತ.

"ಸರಿ, ನೀನು ಹೇಳಿದ್ಮೇಲೆ ಮುಗೀತು" ಎಂದು ಯಜಮಾನಮ್ಮ ಎದ್ದರು. "ದೆವ್ವ ಮಲಗೋ ಮಂಚಾನ ಯಾರಿಗೋ ಮಾರೋದು ಪಾಪ. ನಿನಗೆ ಪಳಗಿದೆ, ನೀನೇ ಇಟ್ಕೋ. ಪುಕ್ಕಟೆ. ಇವತ್ತೇ ಗಾಡೀಲಿ ಕಳಿಸ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸ ಉಳಿಯಿತು, ಮೇಲೆ ತೇಗದ ಮಂಚ! ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಎಂದುಕೊಂಡು ಭೂತಗನ್ನಡಿ ಗಾಡಿಯಲ್ಲಿ ಮಂಚದ ಪಕ್ಕ ಕೂತು ಮನೆಗೆ ಹೊರಟ.

ಮಂಚ ಬಾಗಿಲಲ್ಲಿ ತೂರಲಿಲ್ಲ. ಬಿಚ್ಚಿ ಒಳಗೆ ಜೋಡಿಸಿದಾಗ ಇದ್ದ ಒಂದೇ ಕೋಣೆಯನ್ನು ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಹೆಂಡತಿ ಅಡುಗೆಮನೆಯಲ್ಲಿ ಸಿಕ್ಕಿಬಿದ್ದಳು. ತೌರಿಗೆ ಹೊರಡೋಣವೆಂದರೆ ಸೀರೆಯಿದ್ದ ಬೀರುವಿನ ಬಾಗಿಲೂ ತೆರೆಯುತ್ತಿರಲಿಲ್ಲ. ಅವಳ ಬಾಯಿ ತೆರೆಯಲು ಮಾತ್ರ ಅಡ್ಡಿಯಿರಲಿಲ್ಲ. ಅವಳಿನ್ನೂ ಬೈಯುತ್ತಿರುವಾಗಲೇ ಬಾಗಿಲು ತಟ್ಟಿದ ಸದ್ದಾಯಿತು.

ಯಜಮಾನರು. ಅದೇ ಸೂಟ್‌ಕೇಸು, ಬಗ್ಗಿದ ತಲೆ.

"ಮನೇಲಿ ಬಾಗಿಲು ತೆಗೀಲಿಲ್ಲ ಕಣಪ್ಪ. ಕಿಟಕೀಲೇ ಹೇಳಿದ್ಲು, ಮಂಚ ಎಲ್ಲಿದ್ಯೋ ದೆವ್ವ ಅಲ್ಲೇ ಇರ್ಲಿ ಅಂತ. ನಂದೇನು ದೊಡ್ಡ ಆಸೆನಾ? ಗೊರಕೆ ಹೊಡೆದಾಗೆಲ್ಲ ತಿವಿದು ಎಬ್ಬಿಸ್ತಾಳೆ. ಒಂದು ರಾತ್ರಿ ತಿವಿಸ್ಕೊಳ್ದೆ ಮಲಗೋಣ ಅಂತ ಶುರು ಮಾಡಿದ್ದು..."

ಮಾತು ಮುಗಿಸದೆ ಷೂ ಬಿಚ್ಚಿ, ಮಂಚ ಹತ್ತಿ, ದಿಂಬಿನ ತಗ್ಗಿನಲ್ಲಿ ತಲೆಯಿಟ್ಟರು. ಕ್ಷಣದಲ್ಲಿ ಗುರ್ರ್ರ್ ಎಂದರು. ಕಾಲಿಡಲು ಬೇರೆ ಜಾಗವಿಲ್ಲದೆ ಭೂತಗನ್ನಡಿ ಮಂಚದ ಕೆಳಗೆ, ನಿನ್ನೆ ಫೋನು ಅಂಟಿಸಿದ್ದಲ್ಲೇ, ತೂರಿಕೊಂಡು ಮಲಗಿದ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಗ್ಗಿ ಅವನ ಮುಖ ನೋಡಿದಳು.

"ರೀ, ಊಟಕ್ಕೆ ಏಳುತ್ತಾ ಅದು?"