ಸಿದ್ದಲಿಂಗೇಶನ ಆಂಪ್ಲಿಫೈಯರೂ ಆರು ಚರಣದ ಹಾಡೂ

ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಸಿದ್ದಲಿಂಗೇಶನಿಗೆ ದೇವರು ಎರಡು ಕಿವಿ ಕೊಟ್ಟಿದ್ದ. ಎಲ್ಲರಿಗೂ ಅಷ್ಟೇ ಕೊಟ್ಟಿರುವುದು, ಆದರೆ ತನ್ನವೆರಡು ಬೇರೆ ಲಾಟಿನ ಮಾಲು ಎಂದು ಸಿದ್ದಲಿಂಗೇಶನ ನಂಬಿಕೆ. ಒಣಗಲು ಬಿಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಕರಟದಿಂದ ಬಿಟ್ಟುಕೊಂಡಿದೆಯೋ, ನೀರು ಇನ್ನೂ ಆರಬೇಕೋ, ಕೊಳೆತು ಕೂತಿದೆಯೋ ಹೇಳಿಬಿಡುತ್ತಿದ್ದ. ಕಡೂರಿನ ಮಂಡಿಯಲ್ಲಿ ಅವನು ಅಲ್ಲಾಡಿಸಿ ಪಕ್ಕಕ್ಕಿಟ್ಟ ಕಾಯಿಯನ್ನು ಇನ್ನೊಬ್ಬ ಮುಟ್ಟುತ್ತಿರಲಿಲ್ಲ.

ಹೆಂಡತಿಯನ್ನೂ ಕಿವಿಯಿಂದಲೇ ಆರಿಸಿದ್ದು ಎಂಬುದು ಅವನ ಇನ್ನೊಂದು ಹೆಮ್ಮೆ. ಲಿಂಗದಹಳ್ಳಿಯಲ್ಲಿ ಹೆಣ್ಣು ನೋಡುವ ಶಾಸ್ತ್ರದ ದಿನ ದಾಕ್ಷಾಯಣಿ ಒಂದು ಗೌರಿ ಹಾಡು ಹೇಳಿದ್ದಳು. ಅವಳ ಅಣ್ಣ ಆಗಷ್ಟೇ ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿದ್ದ. ಆ ಕ್ಯಾಸೆಟ್ ಬಳುವಳಿಯ ಜೊತೆಗೇ ಅಜ್ಜಂಪುರಕ್ಕೆ ಬಂತು. ಅಲ್ಲಿಂದ ಮೂವತ್ತು ವರ್ಷ, ಯಾರ ಮದುವೆ ಊಟದಲ್ಲಿ ಪಕ್ಕದ ಎಲೆಯವನು ಸಿಕ್ಕಿದರೂ ಸಿದ್ದಲಿಂಗೇಶ ಹೇಳುತ್ತಿದ್ದುದು ಒಂದೇ: "ಮೊದಲನೇ ಚರಣಕ್ಕೇ ಕಣ್ಣಲ್ಲಿ ನೀರು ಬಂದ್ಬಿಡ್ತು ಕಣ್ರೀ. ಮುಂದೆ ಖಾರ ಮಂಡಕ್ಕಿ ತಟ್ಟೆ ಇಟ್ಟವ್ರೆ, ನಾನು ಕೈಯಲ್ಲೂ ಮುಟ್ಲಿಲ್ಲ."

ದಾಕ್ಷಾಯಣಿ ಇದನ್ನು ಕೇಳಿದಾಗಲೆಲ್ಲ ತಲೆ ತಗ್ಗಿಸಿ ಸಾರು ಬಡಿಸುವಳು. ಅವಳಿಗೆ ಆ ಕಥೆ ಇಷ್ಟ.

ಕಳೆದ ಡಿಸೆಂಬರಿನಲ್ಲಿ ಮದುವೆಯ ಮೂವತ್ತನೇ ವರ್ಷ. ಪದ್ಧತಿಯಂತೆ ಕ್ಯಾಸೆಟ್ ಹಾಕಿದರು. ತರೀಕೆರೆಯ ರೇಡಿಯೋ ರಿಪೇರಿ ಖಲಂದರ್ ಸಾಬರು ಆ ಕಾಲದಲ್ಲೇ ಕೈಯಾರೆ ಜೋಡಿಸಿಕೊಟ್ಟಿದ್ದ ಆಂಪ್ಲಿಫೈಯರಿನಿಂದ ದಾಕ್ಷಾಯಣಿಯ ಧ್ವನಿ ಎರಡು ಕಂಬಳಿ ಹೊದ್ದುಕೊಂಡವರ ಮಾತಿನ ಹಾಗೆ ಬಂತು. ಸ್ಪೀಕರೇನೋ ಹಿಂದಿನ ವರ್ಷ ಬಂದಿದ್ದ ಹೊಸವು. ಸಿದ್ದಲಿಂಗೇಶ ಎದ್ದು ನಿಂತ. ತಾಯಿ ಹಾಲಮ್ಮ ಮತ್ತು ಹೆಂಡತಿಯ ಎದುರಿಗೆ, ರಾಜ್ಯಾಭಿಷೇಕದ ದಿನ ಅರಸು ಡಂಗುರ ಹೊಡೆಸುವ ಗತ್ತಿನಲ್ಲಿ ಘೋಷಿಸಿದ: ಈ ಟೇಪಿನಲ್ಲಿ ಏನೇನಿದೆಯೋ ಅಷ್ಟೂ ಆಚೆಗೆ ಬರಬೇಕು! ಒಂದು ಉಸಿರು ಕೂಡ ಒಳಗೆ ಉಳಿಯಕೂಡದು! ಅಂಥ ಆಂಪ್ಲಿಫೈಯರ್ ಈ ಮನೆಗೆ ಬಂದೇ ಬರುತ್ತದೆ!

ಮಾಲು ಕೊಳ್ಳುವ ಮುಂಚೆ ನಾಲ್ಕು ಕಡೆ ವಿಚಾರಿಸುವುದು ವ್ಯಾಪಾರಿಯ ಧರ್ಮ. ಮೊದಲು ತರೀಕೆರೆಗೆ ಹೋಗಿ, ಬಸ್‌ ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಖಲಂದರ್ ಸಾಬರನ್ನು ಕಂಡ. ಹೊಸದು ತರುವ ವಿಷಯ ಕೇಳಿ ಸಾಬರು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟರು. ಬೇಡ ಎಂದರು. ಯಾಕೆ ಎಂದರೆ ಹೇಳಲಿಲ್ಲ.

"ನಿಮ್ಮ ಪೆಟ್ಟಿಗೆ ಮಾತು ನುಂಗ್ತದೆ ಸಾಬ್ರೇ" ಎಂದ ಸಿದ್ದಲಿಂಗೇಶ.

"ನುಂಗೋದೂ ಒಂದು ಕೆಲಸ ಸಾವ್ಕಾರ್ರೇ. ಸಂಸಾರದ ಮನೇಲಿರೋ ಪೆಟ್ಟಿಗೆ ಅಷ್ಟಾದ್ರೂ ಮಾಡ್ಬೇಕು."

ತನ್ನ ಮಾಲು ಹೊರಗೆ ಹೋಗುತ್ತದಲ್ಲ, ಅದಕ್ಕೆ ಈ ವೇದಾಂತ ಎಂದುಕೊಂಡ ಸಿದ್ದಲಿಂಗೇಶ ಬೆಂಗಳೂರಿನ ರೈಲು ಹತ್ತಿದ.

ಅಲ್ಲಿನ ಶೋರೂಮಿನ ಗೋಡೆಗೆಲ್ಲ ಸದ್ದು ಹೀರುವ ಹಾಸಿಗೆ ಹೊಡೆದಿದ್ದರು. ಅಂಗಡಿಯವನು ಮೊದಲು ವಾಲ್ವ್ ಸೆಟ್ಟು ತೋರಿಸಿದ. ಮೇಲೆ ಗಾಜಿನ ಬುರುಡೆಗಳು ದೀಪದ ಹಾಗೆ ಉರಿಯುತ್ತಿದ್ದವು. ಗಾಜಿನ ಮಾಲು ಅಜ್ಜಂಪುರದ ಹಮಾಲರ ಕೈಗೆ ಸಿಕ್ಕರೆ ಏನಾಗುತ್ತದೆಂದು ಸಿದ್ದಲಿಂಗೇಶನಿಗೆ ಗೊತ್ತು. ಮುಂದಿನದು ಸಾಲಿಡ್ ಸ್ಟೇಟ್, ಬುರುಡೆ ಇಲ್ಲ, ಟ್ರಾನ್ಸಿಸ್ಟರಿನದು ಎಂದ ಅಂಗಡಿಯವನು. ಸಾಲಿಡ್ ಎಂಬ ಮಾತೇ ಹಿಡಿಸಿತು. ಅವನು ಧ್ವನಿಯ ಆಳ, ಅಗಲ, ಮೌನದ ಕಪ್ಪು ಬಣ್ಣ ಎಂದು ವರ್ಣಿಸುತ್ತಿರುವಾಗ ಸಿದ್ದಲಿಂಗೇಶ ಜೇಬಿನಿಂದ ಕೊಕ್ಕೆ ತಕ್ಕಡಿ ತೆಗೆದ. ಮೂರು ಪೆಟ್ಟಿಗೆಯ ತೂಕ ನೋಡಿದ. ನಲವತ್ತಾರು ಕೆ.ಜಿ. ತೂಗಿದ್ದು ಮನಸ್ಸಿಗೆ ಬಂತು. ಆಮೇಲೆ ಅಂಗಡಿಯ ಇಬ್ಬರಿಂದ ಅದನ್ನು ಎತ್ತಿಸಿ, ಕಿವಿಕೊಟ್ಟು, ಅಲ್ಲಾಡಿಸಿ ಎಂದ.

ಅಂಗಡಿಯವನ ಮುಖ ಬಿಳಿಚಿಕೊಂಡಿತು. ಒಳಗೆ ಗಡಗಡ ಸದ್ದು ಬರಲಿಲ್ಲ. ಕಾಯಿಗಾದರೆ ಸದ್ದು ಬರಬೇಕು, ಇದಕ್ಕೆ ಬರಬಾರದು, ಅಷ್ಟು ಬುದ್ಧಿ ತನಗಿದೆ ಎಂದು ತಲೆಯಾಡಿಸಿ ಹೆಗಲ ಟವೆಲ್ ತೆಗೆದ. ಅಜ್ಜಂಪುರದ ದನದ ಪೇಟೆಯಲ್ಲಿ ಅಪ್ಪ ಕಲಿಸಿದ ವಿದ್ಯೆ: ದರವನ್ನು ಬಾಯಲ್ಲಿ ಆಡಬಾರದು, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಮುಗಿಸಬೇಕು. ಅಂಗಡಿಯವನ ಕೈಮೇಲೆ ಟವೆಲ್ ಹಾಕಿ ಮೂರು ಬೆರಳು ಒತ್ತಿದ. ಆ ಮನುಷ್ಯ ಮೆಲ್ಲನೆ ಕೈ ಬಿಡಿಸಿಕೊಂಡು, ಸಾರ್ ನಮ್ಮಲ್ಲಿ ಫಿಕ್ಸೆಡ್ ರೇಟು, ಬೇಕಾದರೆ ಏಳು ದಿನ ಮನೆಯಲ್ಲಿಟ್ಟುಕೊಂಡು ಕೇಳಿ, ಬೇಡವಾದರೆ ವಾಪಸ್ ಎಂದ. ಬೆರಳು ಒತ್ತಿದ್ದರಿಂದಲೇ ಏಳು ದಿನ ಬಿಟ್ಟ ಎಂದು ಸಿದ್ದಲಿಂಗೇಶ ಇವತ್ತಿಗೂ ಹೇಳುತ್ತಾನೆ.

ಮನೆಯಲ್ಲಿ ದಾಕ್ಷಾಯಣಿ ಒಂದೇ ಕರಾರು ಹಾಕಿದಳು. "ನನ್ನ ಕಿವಿಗೆ ವ್ಯತ್ಯಾಸ ಕೇಳಿಸಿದ್ರೆ ಇರ್ಲಿ. ಇಲ್ಲಾಂದ್ರೆ ಏಳನೇ ದಿನ ಬಂದ ದಾರೀಲೇ ಹೋಗ್ಲಿ."

ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಕಡೂರಿನ ಮಂಡಿಗೆಲ್ಲ ಸಾರಿಕೊಂಡು ಬಂದ. ಇನ್ನು ಪೆಟ್ಟಿಗೆ ವಾಪಸ್ ಹೋದರೆ ಹೋಗುವುದು ಪೆಟ್ಟಿಗೆಯೊಂದೇ ಅಲ್ಲ. ಮಂಡಿಯಲ್ಲಿ ಮೂವತ್ತು ವರ್ಷದಿಂದ ನಡೆದುಬಂದ ಕಿವಿಯ ಮಾನವೂ ಅದೇ ಲಾರಿಯಲ್ಲಿ ಹೋಗುತ್ತದೆ.

ಪೆಟ್ಟಿಗೆ ಬಂತು. ಇಳಿಸಲು ಬಂದ ಇಬ್ಬರು ಹಮಾಲರು ಅಭ್ಯಾಸಬಲದಿಂದ ಮೂಟೆಗೆ ಹಾಕುವ ಕೊಕ್ಕೆ ಹಿಡಿದು, ಎಲ್ಲಿ ಚುಚ್ಚೋಣ ಎಂದು ನಾಲ್ಕೂ ಕಡೆ ನೋಡತೊಡಗಿದರು. ಸಿದ್ದಲಿಂಗೇಶ ಅಡ್ಡ ಮಲಗುವುದೊಂದು ಬಾಕಿ. ತೇಗದ ಟೀಪಾಯಿ ಮೇಲೆ ಇಟ್ಟ ಕೂಡಲೇ ಟೀಪಾಯಿ ಹಿರಿಯರಿಗೆ ನಮಸ್ಕಾರ ಮಾಡುವವರ ಹಾಗೆ ಮುಂಗಾಲು ಮಡಿಸಿತು. ಕೊನೆಗೆ ಹಿತ್ತಲ ಬಟ್ಟೆ ಒಗೆಯುವ ಕಲ್ಲು ನಡುಮನೆಗೆ ಬಂದು ಆಸನವಾಯಿತು. ದಾಕ್ಷಾಯಣಿ ಬಟ್ಟೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋದವಳು ಹಾಗೇ ತಿರುಗಿ ಬಂದಳು. ಬುಟ್ಟಿಯನ್ನು ತಂದು ಆಂಪ್ಲಿಫೈಯರಿನ ಪಕ್ಕದಲ್ಲಿಟ್ಟಳು, ಅಷ್ಟೆ.

ಸ್ವಿಚ್ ಒತ್ತಿದ. ಮೊದಲ ಗುಟುಕಿಗೇ ಪೆಟ್ಟಿಗೆ ಮನೆಯ ಕರೆಂಟನ್ನೆಲ್ಲ ಒಟ್ಟಿಗೆ ಎಳೆದುಕೊಂಡಿತು. ಫಟ್! ಮೇನ್ ಸ್ವಿಚ್ ಬಿತ್ತು. ಅಡಿಗೆಮನೆಯಲ್ಲಿ ಹಾಲಮ್ಮನ ಚಟ್ನಿ ಅರ್ಧಕ್ಕೆ ನಿಂತಿತು. ಮತ್ತೆ ಹಾಕಿದ, ಮತ್ತೆ ಬಿತ್ತು. ನಾಲ್ಕನೇ ಸಲಕ್ಕೆ ಹಾಲಮ್ಮ ಬಾಗಿಲಿಗೆ ಬಂದು, ಲೇ ಸಿದ್ದ, ನಿನ್ನ ಹೊಸ ಪೆಟ್ಟಿಗೆ ಹಾಡೋದು ಇದೇನಾ, ಫಟ್ ಅಂತ, ಎಂದು ಕೇಳಿದರು. ಎಲೆಕ್ಟ್ರಿಷಿಯನ್ ಬಂದು ಮೇನ್ ಬದಲಾಯಿಸಿ, ಬೇರೆ ವೈರು ಎಳೆದು, ಗೋಡೆಯಲ್ಲಿ ಕಾಲುವೆ ತೋಡಿಹೋಗುವ ಹೊತ್ತಿಗೆ ಏಳರಲ್ಲಿ ಎರಡು ದಿನ ಕಳೆದಿತ್ತು.

ಮೂರನೇ ದಿನ ಪೆಟ್ಟಿಗೆ ಹಾಡಿತು. ಆಹಾ! ಸಿದ್ದಲಿಂಗೇಶ ಕಣ್ಣು ಮುಚ್ಚಿಕೊಂಡು ಮೃದಂಗದ ಚರ್ಮ ಯಾವ ಊರಿನದೆಂದು ಹೇಳುವ ಮಟ್ಟಕ್ಕೆ ಹೋದ. ಕೇಳಿಸ್ತಾ ವ್ಯತ್ಯಾಸ ಎಂದು ಹೆಂಡತಿಯನ್ನು ಕೇಳಿದ. ಜೋರಾಗಿದೆ ಎಂದಳು. ಜೋರಲ್ಲ ಕಣೇ, ಸ್ಪಷ್ಟ ಎಂದ. ಸ್ಪಷ್ಟವಾಗಿ ಜೋರಾಗಿದೆ ಎಂದಳು.

ಹಾಲಮ್ಮನಿಗೆ ಮಾತ್ರ ಪೆಟ್ಟಿಗೆಯ ಗುಣ ಒಂದೇ ದಿನದಲ್ಲಿ ಗೊತ್ತಾಯಿತು. ಅದು ಸುಮ್ಮನೆ ಕೂತಿದ್ದರೂ ಕಾದು ಬಿಸಿಯಾಗುವ ಜಾತಿ. ಡಿಸೆಂಬರಿನ ಚಳಿಗೆ ಉಬ್ಬದೆ ಹಟ ಹಿಡಿದಿದ್ದ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಮಣೆ ಹಾಕಿ ಅದರ ಮೇಲಿಟ್ಟರು. ನಾಲ್ಕನೇ ದಿನ ಇಡ್ಲಿ ಹತ್ತಿಯ ಹಾಗೆ ಬಂದವು. ಐದನೇ ದಿನ ಹಿಟ್ಟು ಪಾತ್ರೆಯ ಕಂಠ ದಾಟಿ, ಬಿಸಿಗಾಳಿಯ ಕಿಂಡಿಗೆ ಎರಡು ಬೆರಳು ದೂರದಲ್ಲಿರುವಾಗ ಸಿದ್ದಲಿಂಗೇಶ ಟವೆಲ್ ಒಡ್ಡಿ ನಿಂತ. ದನದ ಪೇಟೆಯ ಆ ಪುರಾತನ ಟವೆಲ್ಲಿಗೆ ಹೀಗೆ ಹಿಟ್ಟಿನ ಅಭಿಷೇಕವೂ ಆಯಿತು. "ಇದು ಇರ್ಲಿ ಕಣೋ, ವಾಪಸ್ ಕಳಿಸ್ಬೇಡ" ಎಂದರು ಹಾಲಮ್ಮ. ಸಿಕ್ಕಿದ್ದು ಅದೊಂದೇ ಓಟು, ಅದೂ ಇಡ್ಲಿ ಲೆಕ್ಕದಲ್ಲಿ.

ಆರನೇ ದಿನ ಮಧ್ಯಾಹ್ನ ಸಿದ್ದಲಿಂಗೇಶ ಬ್ರಹ್ಮಾಸ್ತ್ರ ತೆಗೆದ. ಕ್ಯಾಸೆಟ್! ಕ್ಯಾಸೆಟ್ ಹಾಡಿಸುವ ಹಳೆಯ ಡೆಕ್ಕಿನ ವೈರನ್ನು ಹೊಸ ಆಂಪ್ಲಿಫೈಯರಿಗೆ ಸಿಕ್ಕಿಸಿ, ಹೆಂಡತಿಯನ್ನು ಎದುರಿಗೆ ಕೂರಿಸಿ, ತಾಯಿಯನ್ನೂ ಕರೆದ. "ಇವತ್ತು ನೋಡು, ಮೂವತ್ತು ವರ್ಷದಿಂದ ಒಳಗಿದ್ದದ್ದೆಲ್ಲ ಆಚೆಗೆ ಬರ್ತದೆ."

ಬಂತು.

ಮೊದಲು ಬಳೆಯ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಇಪ್ಪತ್ತೆರಡರ ದಾಕ್ಷಾಯಣಿ ಕಂಬಳಿ ಗಿಂಬಳಿ ಎಲ್ಲ ಕಿತ್ತೆಸೆದು ನಡುಮನೆಯಲ್ಲಿ ಬಂದು ಕೂತಳು. ಐವತ್ತೆರಡರ ದಾಕ್ಷಾಯಣಿ ಸೆರಗಿನ ತುದಿ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಸಿದ್ದಲಿಂಗೇಶನಿಗೆ ಗೆದ್ದೆ ಅನ್ನಿಸಿತು. ಎರಡನೇ ಚರಣ ಶುರುವಾಯಿತು. ಆಗ ಹಾಡಿನ ಪಕ್ಕದಲ್ಲೇ, ತೀರಾ ಹತ್ತಿರದಲ್ಲಿ, ಒಬ್ಬ ಹುಡುಗನ ಪಿಸುಮಾತು ಕೇಳಿಸಿತು.

"ಚಿಕ್ಕಪ್ಪಾ, ಇದಿನ್ನೂ ಎಷ್ಟುದ್ದ ಐತೆ?"

"ಸುಮ್ನಿರೋ. ಹುಡುಗಿ ಹೆಂಗವ್ಳೆ, ಅದು ಹೇಳು."

ಕುರುಕು, ಕುರುಕು, ಕುರುಕು. ಏನೋ ಅಗಿಯುವ ಸದ್ದು.

"ಹಾಡೋದೊಂದು ಬಿಟ್ರೆ ಎಲ್ಲಾ ಚೆನ್ನಾಗೈತೆ. ಆ ಮಂಡಕ್ಕಿ ತಟ್ಟೆ ಇತ್ಲಾಗೆ ತಳ್ಳು, ಮೆತ್ತಗಾಗ್ತೈತೆ."

ಭಾವಮೈದುನ ಮಹಾಶಯ ಅವತ್ತು ಟೇಪ್ ರೆಕಾರ್ಡರನ್ನು ಇಟ್ಟಿದ್ದು ಹಾಡುವವಳ ಮುಂದಲ್ಲ, ಗಂಡಿನ ಕಡೆಯವರ ತಿಂಡಿ ತಟ್ಟೆಯ ಪಕ್ಕದಲ್ಲಿ. ತನ್ನದೇ ಹಳೆಯ ಧ್ವನಿಯ ಗುರುತು ಹಿಡಿದ ಸಿದ್ದಲಿಂಗೇಶ ಆಂಪ್ಲಿಫೈಯರಿನ ರಿಮೋಟಿಗೆ ಹಾರಿದ. ಗಾಬರಿಯಲ್ಲಿ ಒತ್ತಿದ್ದು ಸದ್ದು ಏರಿಸುವ ಗುಂಡಿ. ಮೂವತ್ತು ವರ್ಷದ ಹಿಂದಿನ ಖಾರ ಮಂಡಕ್ಕಿ ಮನೆಯ ನಾಲ್ಕೂ ಗೋಡೆಗೆ ಬಡಿದು, ಒಂದೊಂದು ಕಡಲೆಬೀಜವೂ ಬೇರೆಬೇರೆಯಾಗಿ ಒಡೆಯಿತು. ಆಳ, ಅಗಲ ಎಂದು ಅಂಗಡಿಯವನು ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ.

"ಅಯ್ಯೋ, ನಮ್ಮ ಗಿಡ್ಡಪ್ಪನ ಧ್ವನಿ ಕಣೋ" ಎಂದರು ಹಾಲಮ್ಮ. "ಹೋಗಿ ಹನ್ನೆರಡು ವರ್ಷ ಆಯ್ತು ನನ್ನ ಮೈದ. ಎಷ್ಟು ಚೆನ್ನಾಗಿ ಕೇಳ್ತೈತೆ."

ದಾಕ್ಷಾಯಣಿ ಗಂಡನ ಕಡೆ ತಿರುಗಿದಳು. ಧ್ವನಿ ಏರಿಸಲಿಲ್ಲ.

"ವ್ಯತ್ಯಾಸ ಕೇಳಿಸ್ತು ಕಣ್ರೀ."

ಐದು ದಿನ ಈ ಒಂದು ಮಾತಿಗೆ ಹರಕೆ ಹೊತ್ತವನು ಈಗ ತೊದಲತೊಡಗಿದ. ಮೆಷಿನ್ನಿನಲ್ಲೇ ಏನೋ ದೋಷ ಇದ್ದಹಾಗಿದೆ, ಕರೆಂಟೂ ಜಾಸ್ತಿ ಎಳೆಯುತ್ತದೆ, ನಾಳೆಯೊಳಗೆ ವಾಪಸ್ ಕಳಿಸಿಬಿಡೋಣ, ಬಟ್ಟೆ ಕಲ್ಲೂ ಹಿತ್ತಲಿಗೆ ಹೋಗಲಿ ಎಂದೆಲ್ಲ ಹೇಳಿದ.

"ಹಾಡು ಮುಗೀಲಿ ಇರಿ."

ಆರನೇ ಚರಣ ಮುಗಿಯಿತು. ಹಳೆಯ ಪೆಟ್ಟಿಗೆಯಲ್ಲಿ ಅಲ್ಲಿಂದ ಮುಂದೆ ಬರೀ ಗೊರಗೊರ. ಇದರಲ್ಲಿ ಹತ್ತಿರ ಬರುವ ಹೆಜ್ಜೆ, ಬಳೆ, ಆಮೇಲೆ ಹುಡುಗಿಯ ಪಿಸುಮಾತು: "ಅಣ್ಣಾ, ಆರು ಚರಣಾನೂ ಹಾಡ್ಬಿಟ್ಟೆ. ಹೋದ ತಿಂಗಳು ಬಂದಿದ್ದೋನು ಎರಡಕ್ಕೇ ಎದ್ದೋದ. ಇವ್ನು ಕೂತವ್ನೆ."

"ಮಂಡಕ್ಕಿಗೆ ಕೂತಿರ್ಬೇಕು ಕಣೇ."

"ಯಾತಕ್ಕಾದ್ರೂ ಆಗ್ಲಿ. ಕೂತ್ಕೊಳ್ಳೋನು ಸಾಕು."

ಟಕ್. ಟೇಪ್ ನಿಂತಿತು. ನಡುಮನೆಯಲ್ಲಿ ಮೌನ. ಅದು ಕಪ್ಪಾಗಿಯೇ ಇತ್ತು. ಆ ಕಪ್ಪಿನ ನಡುವೆ ಮೊದಲು ನಕ್ಕವಳು ದಾಕ್ಷಾಯಣಿ. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹಳೆಯ ಪೆಟ್ಟಿಗೆ ಇದನ್ನೆಲ್ಲ ಹೇಗೆ ನುಂಗಿತೆಂದು ಮಾಡಿದವರನ್ನೇ ಕೇಳೋಣ ಎಂದು ಎದ್ದು ಹೋಗಿ ಖಲಂದರ್ ಸಾಬರಿಗೆ ಫೋನ್ ಮಾಡಿ, ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದಳು.

ಏಳನೇ ದಿನ ಸಾಬರು ಬಂದರು. ಹೊಸ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿ, ಮನೆಯವರ ಮುಖಗಳನ್ನೂ ನೋಡಿ, ಎಲ್ಲ ಅರ್ಥ ಮಾಡಿಕೊಂಡು, ಊಟವಾದ ಮೇಲೆ ತಪ್ಪೊಪ್ಪಿಕೊಂಡರು. ಹದಿನೆಂಟು ವರ್ಷದ ಹಿಂದೆ ಹಳೆಯ ಪೆಟ್ಟಿಗೆ ರಿಪೇರಿಗೆ ಬಂದಾಗ ಜೊತೆಗೆ ಬಂದ ಡೆಕ್ಕಿನ ಒಳಗೇ ಆ ಕ್ಯಾಸೆಟ್ ಇತ್ತಂತೆ. ಪರೀಕ್ಷೆಗೆಂದು ಅಂಗಡಿಯ ದೊಡ್ಡ ಸ್ಪೀಕರಿಗೆ ಹಾಕಿದಾಗ, ಮನೆಯ ಹಳೆಯ ಸ್ಪೀಕರಿನಲ್ಲಿ ಅಲ್ಲಿಯವರೆಗೂ ಕೇಳಿಸದಿದ್ದ ಪಿಸುಮಾತು ಕಿವಿಗೆ ಬಿತ್ತಂತೆ. "ಒಂದು ಕೆಪಾಸಿಟರ್ ಜಾಸ್ತಿ ಹಾಕ್ಬಿಟ್ಟೆ ಅಕ್ಕಾ. ಸಣ್ಣ ಸದ್ದೆಲ್ಲ ಅಲ್ಲೇ ನಿಂತೋಯ್ತು. ನಿಮ್ಮ ಧ್ವನಿನೂ ಸ್ವಲ್ಪ ಮಂಕಾಯ್ತು, ಮಾಫ್ ಮಾಡಿ. ಸಂಸಾರ ನಡೀತಲ್ಲ."

ದಾಕ್ಷಾಯಣಿ ಎಲೆ ಅಡಿಕೆ ತರಲು ಒಳಗೆ ಹೋದದ್ದನ್ನು ನೋಡಿಕೊಂಡು ಸಿದ್ದಲಿಂಗೇಶ ಮೆಲ್ಲನೆ ಸಾಬರ ಕೈಮೇಲೆ ಟವೆಲ್ ಹಾಕಿದ. ಒಂದು ಬೆರಳು ಒತ್ತಿದ. ಅಂಥದೇ ಒಂದು ಕೆಪಾಸಿಟರ್ ಇದಕ್ಕೂ ಹಾಕಬಹುದೇ ಎಂಬುದು ಆ ಬೆರಳಿನ ಅರ್ಥ. ಸಾಬರಿಗೆ ತಿಳಿಯಿತು.

"ಇದಕ್ಕೆ ಹಾಕ್ಬಹುದು ಸಾವ್ಕಾರ್ರೇ. ಅಕ್ಕ ಕೇಳಿ ಆಗೋಯ್ತಲ್ಲ, ಅದಕ್ಕೆ ಎಲ್ಲಿ ಹಾಕ್ಲಿ?"

ಅಷ್ಟರಲ್ಲಿ ಬೆಂಗಳೂರಿನ ಅಂಗಡಿಯವನ ಫೋನು. ಎತ್ತಿದವಳು ದಾಕ್ಷಾಯಣಿ. ವಾಪಸ್ ಇಲ್ಲ, ಇಲ್ಲೇ ಇರುತ್ತೆ ಎಂದಳು. ಸಾರ್‌ಗೆ ಸೌಂಡ್ ಹೇಗನ್ನಿಸಿತು ಎಂದು ಅವನು ಕೇಳಿರಬೇಕು. "ನಮ್ಮ ಮನೆಯವರ ಮಾತು ಈಗ ಸ್ಪಷ್ಟವಾಗಿ ಕೇಳ್ತಿದೆ" ಎಂದು ಇಟ್ಟಳು.

ಆಮೇಲೆ ಪೆಟ್ಟಿಗೆಯ ಸ್ವಿಚ್ ಆರಿಸಿದಳು. ಗಂಡನ ಮುಂದೆ ಒಂದು ತಟ್ಟೆ ಇಟ್ಟಳು. ಈರುಳ್ಳಿ, ಟೊಮೆಟೊ, ಕಾಯಿತುರಿ ಬೆರೆಸಿದ ಖಾರ ಮಂಡಕ್ಕಿ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಗಂಟಲು ಸರಿಮಾಡಿಕೊಂಡಳು. ಮದುವೆಯಾದ ಮೇಲೆ ಅವಳನ್ನು ಹಾಡು ಎಂದವರಿಗೆಲ್ಲ ಟೇಪ್ ಇದೆಯಲ್ಲ ಎಂಬ ಉತ್ತರ ಸಿಕ್ಕಿತ್ತು. ಇವತ್ತು ಟೇಪ್ ಬೇಕಾಗಲಿಲ್ಲ. ಧ್ವನಿ ಕೆಲವು ಕಡೆ ಒಡೆಯಿತು, ಮೂರನೇ ಚರಣದಲ್ಲಿ ಮರೆತ ಸಾಲನ್ನು ಹಾಲಮ್ಮ ಎತ್ತಿಕೊಟ್ಟರು. ಸಾಬರು ತೊಡೆಯ ಮೇಲೆ ತಾಳ ಹಾಕಿದರು. ಸಿದ್ದಲಿಂಗೇಶ ತಟ್ಟೆಯ ಕಡೆ ನೋಡಲೂ ಇಲ್ಲ. ಮೊದಮೊದಲು ಹೆದರಿಕೆಯಿಂದ. ನಾಲ್ಕನೇ ಚರಣದ ಹೊತ್ತಿಗೆ ಅವನಿಗೆ ತಟ್ಟೆ ಇರುವುದೇ ಮರೆತಿತ್ತು.

ಆರೂ ಮುಗಿಸಿ ದಾಕ್ಷಾಯಣಿ ತಟ್ಟೆ ನೋಡಿದಳು.

"ಮೂವತ್ತು ವರ್ಷ ಹೇಳ್ಕೊಂಡು ಬಂದ ಕಥೆ ಇವತ್ತು ನಿಜ ಆಯ್ತು. ತಿನ್ನಿ ಇನ್ನು. ಹೆಂಗೈತೆ?"

ಸಿದ್ದಲಿಂಗೇಶ ಬಾಯಿಗೆ ಹಾಕಿಕೊಂಡ. ಮಂಡಕ್ಕಿ ನೆನೆದು ಮುದ್ದೆಯಾಗಿತ್ತು. ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ನಲವತ್ತಾರು ಕೆ.ಜಿ. ಪೆಟ್ಟಿಗೆಯನ್ನು ನೋಡಿದ.

"ಗರಿಗರಿಯಾಗೈತೆ ಕಣೇ" ಎಂದ.